23 ವರ್ಷ ತಡವಾಗಿ ಬಂದ ಪದಕ

ಸೆಪ್ಟೆಂಬರ್ ಬಂತು ಅಂದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಎಲ್ಲರಿಗೂ ನೆನಪಾಗೋದು 15ನೇ ತಾರೀಖು. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ, ಎಂಜಿನಿಯರ್ಸ್ ಡೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ದಿನಾ ಬಸ್ ಹತ್ತಿ ಬರೋ ನಮಗೆ ಮುದ್ದೇನಹಳ್ಳಿ ನಮ್ಮದೇ ಜಿಲ್ಲೆಯ ಹಳ್ಳಿ. ಆ ಹಳ್ಳಿಯ ಹುಡುಗನಿಗೆ 1955ರಲ್ಲಿ ಭಾರತರತ್ನ ಬಂತು ಅಂತ ಚಿಕ್ಕಂದಿನಿಂದ ಓದಿಕೊಂಡು ಬಂದಿದ್ದೀವಿ. ದೇಶ ಒಬ್ಬ ನಾಗರಿಕನಿಗೆ ಕೊಡೋ ಅತ್ಯುನ್ನತ ಗೌರವ ಅದು.

ಯುದ್ಧದಲ್ಲಿ ತೋರಿಸಿದ ಧೈರ್ಯಕ್ಕೂ ಇದೇ ಥರ ಒಂದು ಅತ್ಯುನ್ನತ ಪದಕ ಇದೆ. ಅದು ಪರಮವೀರ ಚಕ್ರ. ಅದರ ಕೆಳಗೆ ಮಹಾವೀರ ಚಕ್ರ, ಆಮೇಲೆ ವೀರ ಚಕ್ರ. ಮೂರನ್ನೂ 1950ರ ಜನವರಿ 26ರಂದು ಜಾರಿಗೆ ತಂದರು. 1947ರ ಆಗಸ್ಟ್ 15ರಿಂದ ಆಚೆಗಿನ ಯುದ್ಧಗಳಿಗೆ ಅನ್ವಯ ಅಂತ ಮಾಡಿದರು. ಪರಮವೀರ ಚಕ್ರದ ಡಿಸೈನ್ ಮಾಡಿದವರು ಸಾವಿತ್ರಿ ಖಾನೋಲ್ಕರ್. ಹುಟ್ಟಿನಿಂದ ಯುರೋಪಿನವರು, ಮದುವೆಯಾಗಿ ಭಾರತೀಯರಾದವರು. ಇಲ್ಲಿಯವರೆಗೆ ಈ ಪದಕ ಸಿಕ್ಕಿರೋದು 21 ಜನರಿಗೆ ಮಾತ್ರ. ಅವರಲ್ಲಿ 14 ಜನಕ್ಕೆ ಮರಣೋತ್ತರವಾಗಿ. ವಾಯುಪಡೆಯಿಂದ ಒಬ್ಬರೇ ಒಬ್ಬರು, 1971ರ ಯುದ್ಧದ ನಿರ್ಮಲ್‌ಜಿತ್ ಸಿಂಗ್ ಸೆಖೋನ್.

ನಾವು ಇಲ್ಲಿ ಬರೀತಾ ಇರೋದು ಎರಡನೇ ಪದಕ, ಅಂದರೆ ಮಹಾವೀರ ಚಕ್ರ ಪಡೆದ ಒಬ್ಬ ಕನ್ನಡನಾಡಿನ ಪೈಲಟ್ ಬಗ್ಗೆ. ಎಂಜಿನಿಯರ್ಸ್ ಡೇಗೆ ಸರಿಯಾಗಿ ಎಂಟು ದಿನ ಮುಂಚೆ, ಸೆಪ್ಟೆಂಬರ್ 7, ಅವರು ತೀರಿಕೊಂಡ ದಿನ. ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡಗಿನವರು. 2025ರಲ್ಲಿ ಬಂದ ಸ್ಕೈ ಫೋರ್ಸ್ ಅನ್ನೋ ಹಿಂದಿ ಸಿನಿಮಾ ನಮ್ಮಲ್ಲಿ ತುಂಬಾ ಜನ ನೋಡಿದ್ದೀವಿ. ಅದರಲ್ಲಿ ಹೆಸರುಗಳನ್ನೆಲ್ಲ ಬದಲಾಯಿಸಿದ್ದಾರೆ. ಆದರೆ ಆ ಕಥೆ ಹುಟ್ಟಿದ್ದು ಇವರ ಜೀವನದಿಂದ.

ಕೊಡಗಿನಿಂದ ಕಾಕ್‌ಪಿಟ್‌ಗೆ

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ತಂದೆ ಬೋಪಯ್ಯ, ವೈದ್ಯರು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತೆ. ಅದಕ್ಕೇ ಅಜ್ಜಮಾಡ ಅನ್ನೋದು ಅವರ ಹೆಸರಿನ ಮುಂದೆ ನಿಂತಿದೆ. ಕೊಡಗಿನಲ್ಲಿ ಸೈನ್ಯಕ್ಕೆ ಸೇರೋದು ಹೊಸ ವಿಷಯ ಅಲ್ಲ. ಫೀಲ್ಡ್ ಮಾರ್ಷಲ್ ಕಾರಿಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಅಲ್ಲಿಯವರೇ. ಸೆಪ್ಟೆಂಬರ್ ಶುರುವಿನಲ್ಲಿ ಅಲ್ಲಿ ಕೈಲ್‌ಪೊಳ್ದ್ ಹಬ್ಬ ಬರುತ್ತೆ, ಮನೆಯ ಆಯುಧಗಳಿಗೆಲ್ಲ ಪೂಜೆ ಮಾಡ್ತಾರೆ. ನಮ್ಮ ಕಡೆ ಆಯುಧಪೂಜೆ ದಿನ ಬೈಕಿಗೆ, ಬಸ್ಸಿಗೆ ನಿಂಬೆಹಣ್ಣು ಇಡ್ತೀವಲ್ಲ, ಅಲ್ಲಿ ಕೋವಿಗೆ ಹೂ ಇಡ್ತಾರೆ.

1954ರಲ್ಲಿ ದೇವಯ್ಯನವರು ಪೈಲಟ್ ಆಗಿ ಭಾರತೀಯ ವಾಯುಪಡೆ ಸೇರಿದರು. ಆಗ ಅವರಿಗೆ 21ರ ಆಸುಪಾಸು, ಅಂದರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. ಕೊಡಗು ಇನ್ನೂ ಬೇರೆ ರಾಜ್ಯವಾಗಿತ್ತು. ಅದು ಮೈಸೂರಿನ ಜೊತೆ ಸೇರಿದ್ದು 1956ರ ನವೆಂಬರ್ 1ಕ್ಕೆ.

ಹತ್ತು ವರ್ಷ ಕಳೆಯೋ ಹೊತ್ತಿಗೆ ಅವರು ಸ್ಕ್ವಾಡ್ರನ್ ಲೀಡರ್ ಆಗಿದ್ದರು, ವಾಯುಪಡೆಯ ಫ್ಲೈಯಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರಕ್ಟರ್. ಹೊಸ ಹುಡುಗರಿಗೆ ವಿಮಾನ ಹಾರಿಸೋದು ಹೇಳಿಕೊಡೋ ಮೇಷ್ಟ್ರು. ಮದುವೆಯಾಗಿತ್ತು, ಸಂಸಾರ ಇತ್ತು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಇನ್‌ಸ್ಟ್ರಕ್ಟರ್ ಕೆಲಸದಿಂದ ಅವರನ್ನು ನಂಬರ್ 1 ಸ್ಕ್ವಾಡ್ರನ್‌ಗೆ ಕಳಿಸಿದರು. ಟೈಗರ್ಸ್ ಅಂತ ಕರೀತಾರಲ್ಲ, ಆ ಸ್ಕ್ವಾಡ್ರನ್. ಪಂಜಾಬಿನ ಜಲಂಧರ್ ಹತ್ತಿರ ಆದಂಪುರದಲ್ಲಿ ಅದರ ನೆಲೆ.

ಎರಡು ವಿಮಾನಗಳ ಲೆಕ್ಕ

ಮುಂದಿನ ಕಥೆ ಪೂರ್ತಿ ಅರ್ಥ ಆಗಬೇಕು ಅಂದ್ರೆ ಎರಡು ವಿಮಾನಗಳ ಬಗ್ಗೆ ಸ್ವಲ್ಪ ಗೊತ್ತಿರಬೇಕು. ಮೆಕ್ಯಾನಿಕಲ್‌ನವರು ಖುಷಿಯಿಂದ ಓದಿ, ಸಿಎಸ್‌ನವರು ಸ್ವಲ್ಪ ತಾಳಿಕೊಳ್ಳಿ.

ದೇವಯ್ಯನವರು ಹಾರಿಸಿದ್ದು ಮಿಸ್ಟೇರ್. ಫ್ರಾನ್ಸಿನ ದಸಾಲ್ಟ್ ಕಂಪನಿಯದು, 1950ರ ದಶಕದ ಡಿಸೈನ್. ನೇರ ಹಾರಾಟದಲ್ಲಿ ಶಬ್ದದ ವೇಗ ದಾಟೋಕೆ ಆಗಲ್ಲ. 30 ಮಿ.ಮೀ.ನ ಎರಡು ಗನ್ ಇದ್ದವು. ಆ ಯುದ್ಧದಲ್ಲಿ ಅದಕ್ಕೆ ಕೊಟ್ಟಿದ್ದ ಮುಖ್ಯ ಕೆಲಸ ನೆಲದ ಮೇಲಿನ ಗುರಿಗಳಿಗೆ ಹೊಡೆಯೋದು.

ಎದುರಿಗಿದ್ದದ್ದು ಎಫ್-104 ಸ್ಟಾರ್‌ಫೈಟರ್. ಅಮೆರಿಕದ ಲಾಕ್‌ಹೀಡ್ ಕಂಪನಿಯದು, ಆ ಕಾಲದ ಸೂಪರ್‌ಸ್ಟಾರ್. ಶಬ್ದದ ವೇಗದ ಎರಡರಷ್ಟು ವೇಗ. ಆರು ನಳಿಗೆಯ, ಗಿರಗಿರ ತಿರುಗೋ 20 ಮಿ.ಮೀ. ವಲ್ಕನ್ ಗನ್. ಜೊತೆಗೆ ಶಾಖ ಹುಡುಕಿಕೊಂಡು ಹೋಗೋ ಸೈಡ್‌ವೈಂಡರ್ ಕ್ಷಿಪಣಿ ಹೊರುವ ಸಾಮರ್ಥ್ಯ. ಪೇಪರ್ ಮೇಲೆ ನೋಡಿದರೆ ಇದು ಮ್ಯಾಚೇ ಅಲ್ಲ.

ಆದರೆ ಸ್ಟಾರ್‌ಫೈಟರ್‌ಗೆ ಒಂದು ವೀಕ್‌ನೆಸ್ ಇತ್ತು. ಅದರ ರೆಕ್ಕೆ ತುಂಬಾ ಚಿಕ್ಕದು. ಒಂದು ತುದಿಯಿಂದ ಇನ್ನೊಂದು ತುದಿಗೆ 7 ಮೀಟರ್ ಕೂಡ ಇಲ್ಲ. ನೇರವಾಗಿ ಓಡೋಕೆ ಆ ರೆಕ್ಕೆ ಸೂಪರ್, ತಿರುಗೋಕೆ ಕಷ್ಟ. ತಿರುವಿನ ತ್ರಿಜ್ಯ ವೇಗದ ವರ್ಗಕ್ಕೆ ಅನುಪಾತದಲ್ಲಿ ಇರುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೀವಿ. ಅಷ್ಟೇ ಜಿ-ಫೋರ್ಸ್‌ನಲ್ಲಿ ವೇಗ ಎರಡರಷ್ಟಾದರೆ ತಿರುಗೋಕೆ ಬೇಕಾದ ತ್ರಿಜ್ಯ ನಾಲ್ಕರಷ್ಟಾಗುತ್ತೆ. ಅಂದರೆ ಸ್ಟಾರ್‌ಫೈಟರ್ ತನ್ನ ವೇಗದಲ್ಲೇ ಬಂದು, ಹೊಡೆದು, ಹೋಗಿಬಿಟ್ಟರೆ ಅದನ್ನು ಮುಟ್ಟೋಕೆ ಆಗಲ್ಲ. ವೇಗ ಇಳಿಸಿ ಸುತ್ತಿ ಸುತ್ತಿ ಕಾದಾಡೋಕೆ ಇಳಿದರೆ ಮಿಸ್ಟೇರ್‌ಗೂ ಒಂದು ಚಾನ್ಸ್ ಸಿಗುತ್ತೆ. ಚಾನ್ಸ್ ಅಷ್ಟೇ. ಆ ಚಾನ್ಸ್ ತಗೊಳ್ಳೋ ಧೈರ್ಯ ವಿಮಾನದಲ್ಲಿ ಇರಲ್ಲ, ಒಳಗೆ ಕೂತವರಲ್ಲಿ ಇರಬೇಕು.

ಸೆಪ್ಟೆಂಬರ್ 7, 1965

ಸೆಪ್ಟೆಂಬರ್ 6ರಂದು ನಮ್ಮ ಸೈನ್ಯ ಲಾಹೋರ್ ದಿಕ್ಕಿನಲ್ಲಿ ಗಡಿ ದಾಟಿತು. ಅವತ್ತೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಆದಂಪುರ, ಹಲವಾರಾ ವಾಯುನೆಲೆಗಳ ಮೇಲೆ ಬಿದ್ದವು. ಪಠಾಣ್‌ಕೋಟ್‌ನಲ್ಲಿ ನಮ್ಮ ಎಷ್ಟೋ ವಿಮಾನಗಳು ನಿಂತಲ್ಲೇ ಸುಟ್ಟುಹೋದವು. ಅದಕ್ಕೆ ಉತ್ತರ ಕೊಡೋಕೆ ಮಾರನೇ ದಿನ ಬೆಳಗಿನ ಜಾವವೇ ಸರ್ಗೋಧಾ ಮೇಲೆ ದಾಳಿ ಅಂತ ತೀರ್ಮಾನವಾಯಿತು. ಸರ್ಗೋಧಾ ಅಂದ್ರೆ ಪಾಕಿಸ್ತಾನದ ವಾಯುಪಡೆಯ ದೊಡ್ಡ ನೆಲೆ. ಆದಂಪುರದಿಂದ ನೇರ ಗೆರೆ ಎಳೆದರೂ ಸುಮಾರು 300 ಕಿ.ಮೀ. ರೇಡಾರ್ ಕಣ್ಣಿಗೆ ಬೀಳಬಾರದು ಅಂದ್ರೆ ನೆಲಕ್ಕೆ ಹತ್ತಿರ ಹಾರಬೇಕು. ಜೆಟ್ ಎಂಜಿನ್ ಕೆಳಗೆ ಹಾರಿದಷ್ಟೂ ಇಂಧನ ಜಾಸ್ತಿ ಕುಡಿಯುತ್ತೆ. ಹೋಗಿ, ಹೊಡೆದು, ತಿರುಗಿ ಬರೋಕೆ ಸಾಕಾಗಬೇಕು ಅಷ್ಟೇ. ಅಲ್ಲಿ ಯಾರ ಜೊತೆಗಾದರೂ ಕಾದಾಡುತ್ತಾ ನಿಲ್ಲೋಕೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ತಂಡದ ನಾಯಕ ವಿಂಗ್ ಕಮಾಂಡರ್ ಓ.ಪಿ. ತನೇಜಾ. ಹನ್ನೆರಡು ಮಿಸ್ಟೇರ್‌ಗಳು ಹೋಗಬೇಕಿತ್ತು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಯಾವುದಾದರೂ ವಿಮಾನ ಕೈಕೊಟ್ಟರೆ ಆ ಜಾಗ ತುಂಬೋದು ಅವರ ಪಾಲಿನ ಕೆಲಸ. ಅವರು ಹೊರಟರು, ತಂಡ ಸೇರಿಕೊಂಡರು, ಸರ್ಗೋಧಾ ಕಡೆ ಹೋದರು.

ಅಲ್ಲಿ ಅವರ ಬೆನ್ನಿಗೆ ಬಿದ್ದಿದ್ದು ಒಂದು ಸ್ಟಾರ್‌ಫೈಟರ್. ಅದರಲ್ಲಿದ್ದವರು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಮೊದಲ ಏಟುಗಳಿಂದ ದೇವಯ್ಯನವರು ತಪ್ಪಿಸಿಕೊಂಡರು. ಆದರೆ ಅಷ್ಟು ವೇಗದ ವಿಮಾನ ಮತ್ತೆ ಹಿಂದೆ ಬಂದು ಹಿಡಿಯಿತು. ಮಿಸ್ಟೇರ್‌ಗೆ ಪೆಟ್ಟು ಬಿತ್ತು.

ಪೆಟ್ಟು ತಿಂದ ವಿಮಾನ, ಶತ್ರುವಿನ ನೆಲ, ಸುತ್ತ ನಮ್ಮವರು ಯಾರೂ ಇಲ್ಲ. ಆ ಹೊತ್ತಿನಲ್ಲಿ ಗಡಿಯ ಕಡೆ ಮೂತಿ ತಿರುಗಿಸಿದ್ದರೆ ಅಥವಾ ಪ್ಯಾರಾಚೂಟ್‌ನಲ್ಲಿ ಇಳಿದಿದ್ದರೆ ಯಾರೂ ಅವರನ್ನು ತಪ್ಪು ಅಂತಿರಲಿಲ್ಲ. ದೇವಯ್ಯನವರು ತಿರುಗಿದ್ದು ಸ್ಟಾರ್‌ಫೈಟರ್ ಕಡೆಗೆ. ಅವರ ಗುಂಡು ಅದಕ್ಕೆ ತಾಗಿತು, ಸ್ಟಾರ್‌ಫೈಟರ್ ಬಿತ್ತು. ಅಮ್ಜದ್ ಹುಸೇನ್ ಇಜೆಕ್ಟ್ ಆಗಿ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯನವರ ಮಿಸ್ಟೇರ್ ಕೂಡ ಅಲ್ಲೇ ಬಿತ್ತು. ಅವರಿಗೆ ಆಗ 32 ವರ್ಷ.

ಯಾರಿಗೂ ಗೊತ್ತಿಲ್ಲದ ಕಾಳಗ

ಉಳಿದ ಮಿಸ್ಟೇರ್‌ಗಳು ಆದಂಪುರಕ್ಕೆ ವಾಪಸ್ ಬಂದವು. ದೇವಯ್ಯನವರು ಬರಲಿಲ್ಲ. ಅವರು ಕಾದಾಡಿದ್ದನ್ನು ನಮ್ಮ ಕಡೆಯವರು ಯಾರೂ ನೋಡಿರಲಿಲ್ಲ. ವಾಯುಪಡೆಯ ದಾಖಲೆಯಲ್ಲಿ ಮೊದಲು ಕಾಣೆಯಾಗಿದ್ದಾರೆ ಅಂತ ಬರೆದರು, ಆಮೇಲೆ ತೀರಿಕೊಂಡಿದ್ದಾರೆ ಅಂತ ಬರೆದರು. ಅಷ್ಟೇ. ಎರಡು ಪದಗಳಿಗೆ ಮುಗಿದ ಜೀವನ.

ಅದೇ ಯುದ್ಧದಲ್ಲಿ ಧೈರ್ಯ ತೋರಿಸಿದ ಬೇರೆಯವರಿಗೆ ಪದಕಗಳು ಬಂದವು. ಹವಾಲ್ದಾರ್ ಅಬ್ದುಲ್ ಹಮೀದ್, ಲೆಫ್ಟಿನೆಂಟ್ ಕರ್ನಲ್ ತಾರಾಪೋರ್ ಇಬ್ಬರಿಗೂ ಮರಣೋತ್ತರ ಪರಮವೀರ ಚಕ್ರ ಬಂತು. ದೇವಯ್ಯನವರ ಹೆಸರಿಗೆ ಏನೂ ಬರಲಿಲ್ಲ. ಇದರಲ್ಲಿ ಯಾರೋ ಬೇಕಂತ ಮಾಡಿದ ಅನ್ಯಾಯ ಇಲ್ಲ. ಪದಕ ಕೊಡಬೇಕು ಅಂದ್ರೆ ಏನು ನಡೀತು ಅಂತ ಗೊತ್ತಿರಬೇಕು, ಕಂಡವರು ಹೇಳಬೇಕು, ಮೇಲಧಿಕಾರಿ ಬರೆದು ಕಳಿಸಬೇಕು. ಇಲ್ಲಿ ಮೊದಲನೇ ಹೆಜ್ಜೆಯೇ ಇರಲಿಲ್ಲ. ಆದರೆ ಕೊಡಗಿನ ಆ ಮನೆಯಲ್ಲಿ ಕೂತು ಯೋಚನೆ ಮಾಡಿದರೆ ಈ ಲಾಜಿಕ್‌ನಿಂದ ಏನು ಸಮಾಧಾನ ಸಿಗುತ್ತೆ? ಹೇಗೆ ಹೋದರು, ಎಲ್ಲಿ ಬಿದ್ದರು, ಕೊನೆಗೆ ಏನು ಮಾಡ್ತಾ ಇದ್ದರು, ಒಂದಕ್ಕೂ ಉತ್ತರ ಇಲ್ಲ. ಪತ್ನಿ ಸುಂದರಿ ದೇವಯ್ಯನವರು ಆ ವರ್ಷಗಳನ್ನೆಲ್ಲ ಹಾಗೇ ಕಳೆದರು.

ಉತ್ತರ ಬಂದಿದ್ದು ಯಾರೂ ಎಣಿಸದ ಕಡೆಯಿಂದ. ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕರು 1965ರ ವಾಯುಯುದ್ಧದ ಬಗ್ಗೆ ಪುಸ್ತಕ ಬರೆದರು, ಅದೂ ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು. 1979ರಲ್ಲಿ ಬಂದ ಆ ಪುಸ್ತಕದಲ್ಲಿ ಒಂದು ವಿಷಯ ಇತ್ತು. ಆ ಬೆಳಿಗ್ಗೆ ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಒಂದು ಸ್ಟಾರ್‌ಫೈಟರ್ ಕಳೆದುಹೋಗಿತ್ತು. ಇನ್ನು ಉಳಿದಿದ್ದು ಸರಳವಾದ ಕೂಡಿ ಕಳೆಯೋ ಲೆಕ್ಕ. ಮುಂಜಾನೆಯ ಆ ದಾಳಿಯಿಂದ ವಾಪಸ್ ಬರದ ಮಿಸ್ಟೇರ್ ಒಂದೇ ಒಂದು. ಅದರಲ್ಲಿದ್ದವರು ದೇವಯ್ಯ. ಅವರ ದೇಹವನ್ನು ಅಲ್ಲಿನ ಹಳ್ಳಿಯ ಜನ ಹೊಲದಲ್ಲೇ ಮಣ್ಣು ಮಾಡಿದ್ದರು ಅನ್ನೋದೂ ಆಮೇಲೆ ತಿಳಿಯಿತು.

ಇದು ಗೊತ್ತಾದ ಮೇಲೆ ತನೇಜಾ ಸುಮ್ಮನೆ ಕೂರಲಿಲ್ಲ. ತನ್ನ ಜೊತೆ ಹೊರಟು ತನ್ನ ಜೊತೆ ವಾಪಸ್ ಬರದವರ ಪರವಾಗಿ ಬರೆದರು, ಕೇಳಿದರು. ಸರ್ಕಾರ ಹಳೆಯ ಫೈಲ್ ತೆಗೆಯಬೇಕಾಯಿತು. 1988ರಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ ಮಹಾವೀರ ಚಕ್ರ ಕೊಟ್ಟರು. ಯುದ್ಧ ಮುಗಿದು 23 ವರ್ಷ ಆಗಿತ್ತು. ಬೆಳ್ಳಿಯ ಪದಕ, ಅರ್ಧ ಬಿಳಿ ಅರ್ಧ ಕಿತ್ತಳೆ ಬಣ್ಣದ ಪಟ್ಟಿ. ಅದನ್ನು ತಗೊಂಡವರು ಸುಂದರಿ ದೇವಯ್ಯ. ವಾಯುಪಡೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಸಿಕ್ಕ ಒಬ್ಬರೇ ಅಧಿಕಾರಿ ಇವರು.

ನಮಗೆ ಯಾಕೆ ಬೇಕು ಈ ಕಥೆ

ನಮ್ಮ ಕಾಲದಲ್ಲಿ ಏನು ಮಾಡಿದರೂ ಅದಕ್ಕೆ ಪ್ರೂಫ್ ಇರುತ್ತೆ. ವರ್ಕ್‌ಶಾಪ್‌ಗೆ ಹೋದರೆ ಸರ್ಟಿಫಿಕೇಟ್, ರಕ್ತ ಕೊಟ್ಟರೆ ಫೋಟೊ, ಗಿಡ ನೆಟ್ಟರೆ ಸ್ಟೇಟಸ್. ಅದರಲ್ಲಿ ತಪ್ಪೇನಿಲ್ಲ, ಪ್ಲೇಸ್‌ಮೆಂಟ್‌ನಲ್ಲಿ ಕೇಳ್ತಾರೆ. ಆದರೆ ದೇವಯ್ಯನವರು ಸ್ಟಾರ್‌ಫೈಟರ್ ಕಡೆ ವಿಮಾನ ತಿರುಗಿಸಿದಾಗ ನೋಡೋಕೆ ಇದ್ದದ್ದು ಶತ್ರು ಒಬ್ಬರೇ. ಇದು ಯಾರಿಗಾದರೂ ಗೊತ್ತಾಗುತ್ತೆ ಅಂತ ನಂಬೋಕೆ ಅವರ ಹತ್ತಿರ ಯಾವ ಕಾರಣವೂ ಇರಲಿಲ್ಲ. 1965ರಿಂದ 1988ರವರೆಗೆ ಪದಕ ಇರಲಿಲ್ಲ ಅಂತ ಆ ಬೆಳಿಗ್ಗೆಯ ಕೆಲಸ ಚಿಕ್ಕದಾಗಿರಲಿಲ್ಲ, ಪದಕ ಬಂತು ಅಂತ ದೊಡ್ಡದೂ ಆಗಲಿಲ್ಲ.

ಹಾಗಂತ ಪದಕ ಬೇಡ ಅನ್ನೋದು ನಮ್ಮ ವಾದ ಅಲ್ಲ. ಅದು ಬೇಕಿದ್ದದ್ದು ಬದುಕಿರೋರಿಗೆ. ಮನೆಯವರಿಗೆ ಸತ್ಯ ಗೊತ್ತಾಗಬೇಕಿತ್ತು, ತನೇಜಾ ಅವರಿಗೆ ತನ್ನ ಜೊತೆಗಾರನ ಲೆಕ್ಕ ಸರಿಯಾಗಬೇಕಿತ್ತು. ಪುಸ್ತಕದಲ್ಲಿ ಬಂದ ಒಂದು ವಿಷಯವನ್ನು ಹಿಡಿದು, ಹಳೆಯ ದಾಖಲೆ ಜೊತೆ ಹೊಂದಿಸಿ, ಬಿಡದೆ ಕೇಳಿದವರು ಇಲ್ಲದಿದ್ದರೆ ಇವತ್ತಿಗೂ ಅವರು ಕಾಣೆಯಾದವರ ಪಟ್ಟಿಯಲ್ಲೇ ಇರ್ತಿದ್ದರು. ಧೈರ್ಯ ಒಬ್ಬರದು, ಅದನ್ನು ಹುಡುಕಿ ತೆಗೆದ ತಾಳ್ಮೆ ಇನ್ನೊಬ್ಬರದು. ಎರಡನೆಯದು ಮಾಡೋಕೆ ಫೈಟರ್ ಪೈಲಟ್ ಆಗಬೇಕಿಲ್ಲ. ನಮ್ಮ ಊರಿನಲ್ಲೂ ಸೈನ್ಯಕ್ಕೆ ಹೋಗಿ ಬಂದ ಹಿರಿಯರು ಇರ್ತಾರೆ. ಅವರ ಹತ್ತಿರ ಒಂದು ಸಂಜೆ ಕೂತು ಕೇಳಿಸಿಕೊಂಡು ಬರೆದಿಟ್ಟರೂ ಅದು ಅದೇ ಜಾತಿಯ ಕೆಲಸ.

ಪ್ರತಿ ವರ್ಷ ನಮ್ಮಲ್ಲಿ ಯಾವುದಾದರೂ ಒಂದು ಗ್ಯಾಂಗ್ ಕೊಡಗಿಗೆ ಟ್ರಿಪ್ ಹೊರಟೇ ಹೊರಡುತ್ತೆ. ರಾಜಾಸೀಟ್, ಅಬ್ಬಿ ಜಲಪಾತ ನೋಡಿ ಬರ್ತೀವಿ. ಈ ಸಲ ಮಡಿಕೇರಿಗೆ ಹೋದರೆ ಖಾಸಗಿ ಬಸ್ ನಿಲ್ದಾಣದ ಹತ್ತಿರ ಅಜ್ಜಮಾಡ ದೇವಯ್ಯ ವೃತ್ತದಲ್ಲಿ ಎರಡು ನಿಮಿಷ ನಿಲ್ಲೋಣ. ಅಲ್ಲಿ ಅವರ ಪ್ರತಿಮೆ ಇದೆ.