ಕೀಟವಿದ್ಯೆಗೆ ನೆಲೆ ಕಟ್ಟಿದ ಚಾರ್ಲ್ಸ್ ವ್ಯಾಲೆಂಟೈನ್ ರೈಲಿ

ಹುಳುಹುಪ್ಪಟೆಗಳ ಅಧ್ಯಯನವನ್ನು ಉಳ್ಳವರ ವಿನೋದವೆಂದು ಲೋಕವು ಬಗೆದಿದ್ದ ಕಾಲವೊಂದಿತ್ತು. ಚಿಟ್ಟೆ ಹಿಡಿದು ಪೆಟ್ಟಿಗೆಯಲ್ಲಿ ಜೋಡಿಸುವವನಿಗೆ ಸರಕಾರವು ಸಂಬಳ ಕೊಡಬೇಕೆಂದರೆ ನಗುವವರೇ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ವಿದ್ಯೆಯು ರೈತನ ಹೊಲಕ್ಕಿಳಿದು ಗೌರವದ ವೃತ್ತಿಯಾಗಿ ಬೆಳೆಯಿತು. ಅದನ್ನು ಹಾಗೆ ಬೆಳೆಸಿದವರಲ್ಲಿ ಅಗ್ರಗಣ್ಯರು ಅಮೇರಿಕೆಯ ಚಾರ್ಲ್ಸ್ ವ್ಯಾಲೆಂಟೈನ್ ರೈಲಿಯವರು.

ರೈಲಿಯವರು 1843ರ ಸೆಪ್ಟೆಂಬರ್ ತಿಂಗಳಿನಲ್ಲಿ ಲಂಡನ್ ನಗರದಲ್ಲಿ ಜನಿಸಿದರು. ಫ್ರಾನ್ಸ್ ಮತ್ತು ಜರ್ಮನಿಯ ಶಾಲೆಗಳಲ್ಲಿ ಓದಿದರು; ಚಿತ್ರಕಲೆ ಅವರಿಗೆ ಕರಗತವಾಗಿತ್ತು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದೆ, 1860ರಲ್ಲಿ ಸಮುದ್ರ ದಾಟಿ ಇಲಿನಾಯ್ ಪ್ರಾಂತದ ಹೊಲವೊಂದರಲ್ಲಿ ದುಡಿಮೆಗೆ ನಿಂತರು. ಕೀಟಗಳು ಬೆಳೆಯನ್ನು ಹಾಳುಗೆಡಹುವುದನ್ನು ಅಲ್ಲಿ ಕಣ್ಣಾರೆ ಕಂಡರು. ಬಳಿಕ ಚಿಕಾಗೋದ ಕೃಷಿಪತ್ರಿಕೆಯೊಂದನ್ನು ಸೇರಿ ಕೀಟಗಳ ವಿಷಯವಾಗಿ ಬರೆಯತೊಡಗಿದರು.

1868ರಲ್ಲಿ ಮಿಸೌರಿ ಪ್ರಾಂತವು ಅವರನ್ನು ತನ್ನ ಪ್ರಥಮ ಕೀಟಶಾಸ್ತ್ರಜ್ಞರನ್ನಾಗಿ ನೇಮಿಸಿತು. ಅಲ್ಲಿ ಅವರು ರಚಿಸಿದ ಒಂಬತ್ತು ವಾರ್ಷಿಕ ವರದಿಗಳು, ಅವುಗಳಲ್ಲಿನ ಸ್ವಹಸ್ತಚಿತ್ರಗಳಿಂದಲೂ ವಿದ್ವಜ್ಜನರ ಮನ್ನಣೆ ಪಡೆದವು. 1873ರಿಂದ ಮಿಡತೆಗಳ ಹಿಂಡು ಪಶ್ಚಿಮದ ಬಯಲುಗಳ ಪೈರನ್ನು ನುಂಗಿದಾಗ, ಅವುಗಳ ಜೀವನಕ್ರಮವನ್ನು ಶೋಧಿಸಿ, ಮೊಟ್ಟೆಯಿಟ್ಟ ನೆಲವನ್ನು ಉಳುವುದೇ ಮೊದಲಾದ ಉಪಾಯಗಳನ್ನು ರೈತರಿಗೆ ಬೋಧಿಸಿದರು. 1877ರಲ್ಲಿ ರಚಿತವಾದ ಕೀಟ ಆಯೋಗಕ್ಕೆ ಅವರೇ ಅಧ್ಯಕ್ಷರಾದರು.

ಅದೇ ಕಾಲದಲ್ಲಿ ಫಿಲಾಕ್ಸೆರಾ ಎಂಬ ಸೂಕ್ಷ್ಮಕೀಟವು ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಬೇರುಸಹಿತ ನಾಶಗೊಳಿಸುತ್ತಿತ್ತು. ಅದು ಅಮೇರಿಕೆಯ ಕೀಟವೇ ಎಂಬುದನ್ನು ಸ್ಥಿರಪಡಿಸುವುದರಲ್ಲಿ ರೈಲಿಯವರ ಪಾತ್ರ ಹಿರಿದು. ಕೀಟದ ತವರಿನ ಬಳ್ಳಿಗಳ ಬೇರು ಅದರ ಬಾಧೆಯನ್ನು ತಾಳಬಲ್ಲದು; ಆ ಬೇರಿಗೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಮಾಡುವ ಮಾರ್ಗವನ್ನು ಫ್ರಾನ್ಸಿನ ವಿಜ್ಞಾನಿಗಳೊಡನೆ ಅವರೂ ಎತ್ತಿಹಿಡಿದರು. ಫ್ರಾನ್ಸ್ ಸರಕಾರ ಸ್ವರ್ಣಪದಕವಿತ್ತು ಗೌರವಿಸಿತು.

1878ರಲ್ಲಿ ವಾಷಿಂಗ್ಟನ್ನಿನ ಕೃಷಿ ಇಲಾಖೆಯ ಕೀಟಶಾಸ್ತ್ರಜ್ಞರಾದ ರೈಲಿಯವರು ಭಿನ್ನಾಭಿಪ್ರಾಯದಿಂದ ಮರುವರ್ಷವೇ ಹೊರಬಂದರು. 1881ರಲ್ಲಿ ಮರಳಿ, 1894ರವರೆಗೆ ಆ ಸ್ಥಾನದಲ್ಲಿದ್ದರು. ಆಗ ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳು ಹತ್ತಿಯಂತಹ ಬಿಳಿಯ ಶಲ್ಕಕೀಟದ ಬಾಧೆಯಿಂದ ಒಣಗುತ್ತಿದ್ದವು. ಕೀಟದ ತವರು ಆಸ್ಟ್ರೇಲಿಯವೆಂದು ತರ್ಕಿಸಿದ ರೈಲಿಯವರು, ಅದರ ಸಹಜಶತ್ರುವನ್ನು ಅಲ್ಲಿಯೇ ಅರಸಲು 1888ರಲ್ಲಿ ಆಲ್ಬರ್ಟ್ ಕೋಬೆಲೆಯವರನ್ನು ಕಳುಹಿಸುವ ಏರ್ಪಾಡು ಮಾಡಿದರು. ಮೊದಲ ಮೂರು ಕಂತುಗಳಲ್ಲಿ ಬಂದಿಳಿದ ಗುಲಗಂಜಿ ಹುಳುಗಳು ಕೇವಲ 129. ಅವುಗಳ ಸಂತತಿ ಹಬ್ಬಿ, 1889 ಮುಗಿಯುವುದರೊಳಗೆ ತೋಟಗಳು ಚೇತರಿಸಿಕೊಂಡವು. ಬೆಳೆಗಾರರು ಕೋಬೆಲೆಯವರಿಗೆ ಚಿನ್ನದ ಗಡಿಯಾರವಿತ್ತರು. ತಮಗೆ ಸಲ್ಲಬೇಕಾದ ಶ್ರೇಯಸ್ಸು ಸಲ್ಲಲಿಲ್ಲವೆಂದು ರೈಲಿಯವರು ನೊಂದುಕೊಂಡರು. ಯೋಜನೆ ಅವರದು, ಶೋಧ ಕೋಬೆಲೆಯವರದು. ಕೀರ್ತಿಯ ವಿಷಯದಲ್ಲಿ ಅವರ ಮನಸ್ಸು ಉದಾರವಾಗಿರಲಿಲ್ಲವೆಂಬುದನ್ನು ಮರೆಮಾಚಬೇಕಿಲ್ಲ.

ಆದರೆ ಕೂಡಿಟ್ಟ ಸಂಪತ್ತಿನ ವಿಷಯದಲ್ಲಿ ಅವರದು ತೆರೆದ ಕೈ. ಒಂದು ಲಕ್ಷಕ್ಕೂ ಮಿಕ್ಕ ಕೀಟಗಳ ಸ್ವಂತ ಸಂಗ್ರಹವನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನವಿತ್ತರು. 1889ರಲ್ಲಿ ಕೃಷಿಕೀಟಶಾಸ್ತ್ರಜ್ಞರ ಸಂಘ ಹುಟ್ಟಿದಾಗ ಪ್ರಥಮಾಧ್ಯಕ್ಷರಾದರು. 1895ರ ಸೆಪ್ಟೆಂಬರ್ 14ರಂದು ವಾಷಿಂಗ್ಟನ್ನಿನ ಇಳಿಜಾರಿನಲ್ಲಿ ಬೈಸಿಕಲ್ಲಿನಿಂದ ಬಿದ್ದು ತೀರಿಕೊಂಡರು. 52 ವರ್ಷ ತುಂಬಲು ಕೆಲವೇ ದಿನಗಳಿದ್ದವು. ಅವರ ಸಹಾಯಕರಾಗಿದ್ದ ಎಲ್. ಓ. ಹೋವರ್ಡ್ ಆ ವಿಭಾಗವನ್ನು 1927ರವರೆಗೆ ಮುನ್ನಡೆಸಿದರು. ಕರ್ತೃವು ಅಳಿದರೂ ಕಟ್ಟಿದ ಸಂಸ್ಥೆ ಉಳಿಯಿತು. ವಿದ್ಯೆಗೆ ಸಮಾಜವು ಸ್ಥಾನ ಕೊಡುವುದು ಅದು ಸಮಾಜದ ಕಷ್ಟಕ್ಕೆ ಒದಗಿದಾಗಲೇ ಎಂಬುದನ್ನು ರೈಲಿಯವರ ಜೀವನವು ತೋರಿಸುತ್ತದೆ.