ಸುಲ್ತಾನನ ಡೇರೆಗೆ ಹೋದ ಸಂತ

ಅಸ್ಸಿಸಿಯ ಸಂತ ಫ್ರಾನ್ಸಿಸ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಎರಡೇ. ಒಂದು, ಹಕ್ಕಿಗಳ ಜೊತೆ ಮಾತಾಡಿದವನು. ಇನ್ನೊಂದು, ಅವನ ಹೆಸರಲ್ಲಿ ಓಡಾಡುವ ಶಾಂತಿಯ ಪ್ರಾರ್ಥನೆ. ಆದರೆ ಆ ಪ್ರಾರ್ಥನೆ ಅವನದ್ದಲ್ಲ. ಅದು 1912ರಲ್ಲಿ ಫ್ರಾನ್ಸಿನ ಒಂದು ಪುಟ್ಟ ಪತ್ರಿಕೆಯಲ್ಲಿ, ಬರೆದವರ ಹೆಸರೇ ಇಲ್ಲದೆ ಮೊದಲು ಅಚ್ಚಾಯಿತು. ಶಾಂತಿಗಾಗಿ ಅವನು ನಿಜವಾಗಿ ಮಾಡಿದ್ದು ಬೇರೆಯೇ ಇದೆ. ಆ ಕಥೆಯನ್ನೇ ಈ ಸಲ ಹೇಳೋಣ ಅಂತ ನಾವು ಕೂತಿದ್ದೇವೆ.

ಫ್ರಾನ್ಸಿಸ್ ಹುಟ್ಟಿದ್ದು ಇಟಲಿಯ ಅಸ್ಸಿಸಿಯಲ್ಲಿ, 1181 ಅಥವಾ 1182ರಲ್ಲಿ. ಅಪ್ಪ ಬಟ್ಟೆ ವ್ಯಾಪಾರಿ. ಕೈ ತುಂಬ ದುಡ್ಡು, ಸುತ್ತ ಗೆಳೆಯರು, ರಾತ್ರಿಯೆಲ್ಲ ಹಾಡು. ದೊಡ್ಡ ಯೋಧನಾಗಬೇಕು ಅನ್ನೋದೇ ಕನಸು. 1202ರಲ್ಲಿ ಪಕ್ಕದ ಪೆರುಜಿಯಾ ಊರಿನ ಜೊತೆ ಅಸ್ಸಿಸಿ ಕಾದಾಡಿದಾಗ ಇವನೂ ಹೋದ. ಅಸ್ಸಿಸಿ ಸೋತಿತು, ಇವನು ಸೆರೆಸಿಕ್ಕ. ಸುಮಾರು ಒಂದು ವರ್ಷ ಸೆರೆಮನೆ, ಆಮೇಲೆ ದೀರ್ಘ ಕಾಯಿಲೆ. 1205ರಲ್ಲಿ ಮತ್ತೊಂದು ಯುದ್ಧಕ್ಕೆ ಹೊರಟವನು ಅರ್ಧ ದಾರಿಯಿಂದ ವಾಪಸ್ ಬಂದ. ಯುದ್ಧ ಅಂದ್ರೇನು ಅಂತ ಅವನು ಪುಸ್ತಕದಲ್ಲಿ ಓದಿ ತಿಳಿದವನಲ್ಲ.

ಅವನನ್ನು ಬದಲಿಸಿದ್ದು ಕುಷ್ಠರೋಗಿಗಳು. ಅವರನ್ನು ಕಂಡರೆ ತನಗೆ ಅಸಹ್ಯವಾಗುತ್ತಿತ್ತು, ಅವರ ಸೇವೆಗೆ ನಿಂತ ಮೇಲೆ ಆ ಕಹಿಯೇ ಸಿಹಿಯಾಯಿತು ಅಂತ ಸಾಯುವ ಮುಂಚೆ ಅವನೇ ಬರೆಸಿಟ್ಟ. ಅಪ್ಪನ ಜೊತೆ ಜಗಳವಾಗಿ, ಬಿಷಪ್ ಎದುರು ಮೈಮೇಲಿನ ಬಟ್ಟೆಯನ್ನೂ ಕಳಚಿಕೊಟ್ಟು ಹೊರಬಂದ. 1209ರಲ್ಲಿ ಅವನ ಬಡ ಸಹೋದರರ ಗುಂಪಿಗೆ ಪೋಪ್ ಒಪ್ಪಿಗೆ ಸಿಕ್ಕಿತು.

ಆಗ ಕ್ರುಸೇಡ್‌ಗಳ ಕಾಲ. 1218ರಲ್ಲಿ ಐದನೇ ಕ್ರುಸೇಡಿನ ಸೈನ್ಯ ಈಜಿಪ್ಟಿನ ಡಾಮಿಯೆಟ್ಟಾ ಬಂದರಿಗೆ ಮುತ್ತಿಗೆ ಹಾಕಿತು. ನೈಲ್ ನದಿಯ ನಡುವೆ ಒಂದು ಗೋಪುರ, ಅಲ್ಲಿಂದ ದಡಕ್ಕೆ ದಪ್ಪ ಸರಪಳಿ, ಹಡಗು ದಾಟುವ ಹಾಗೇ ಇಲ್ಲ. ಜರ್ಮನಿಯ ಆಲಿವರ್ ಎಂಬ ಪಾದ್ರಿ ಎರಡು ಹಡಗು ಜೋಡಿಸಿ ಕಟ್ಟಿ, ಮೇಲೆ ತೇಲುವ ಮುತ್ತಿಗೆ ಗೋಪುರ ಮಾಡಿಸಿದ. ಆಗಸ್ಟಿನಲ್ಲಿ ಸರಪಳಿ ಗೋಪುರ ಬಿತ್ತು. ನಮ್ಮ ಮೆಕ್ಯಾನಿಕಲ್ ಗೆಳೆಯರು ಈ ಆಲಿವರ್ ಹೆಸರು ನೆನಪಿಟ್ಟುಕೊಳ್ಳಿ, ಇವನು ಕೊನೆಗೆ ಮತ್ತೆ ಬರ್ತಾನೆ.

1219ರಲ್ಲಿ ಫ್ರಾನ್ಸಿಸ್ ಆ ಪಾಳೆಯಕ್ಕೆ ಬಂದಿಳಿದ. ಮುಸ್ಲಿಮರ ನಾಡಿಗೆ ಹೋಗಲು ಹಿಂದೆ ಎರಡು ಸಲ ಹೊರಟಿದ್ದ. ಒಮ್ಮೆ ಎದುರುಗಾಳಿ, ಇನ್ನೊಮ್ಮೆ ಕಾಯಿಲೆ ತಡೆದಿತ್ತು. ಆಗಸ್ಟ್ 29ರಂದು ಕ್ರುಸೇಡ್ ಸೈನ್ಯ ದಾಳಿಗೆ ಹೋಗಿ ಭಾರೀ ಸೋಲು ತಿಂದಿತು. ಅದಾದ ಮೇಲೆ, ಇಲ್ಯುಮಿನಾಟೊ ಎಂಬ ಒಬ್ಬ ಸಹೋದರನನ್ನು ಕರೆದುಕೊಂಡು, ಕೈಯಲ್ಲಿ ಆಯುಧವಿಲ್ಲದೆ ಫ್ರಾನ್ಸಿಸ್ ಶತ್ರು ಪಾಳೆಯದ ಕಡೆ ನಡೆದ. ಕಾವಲಿನವರು ಹಿಡಿದು ಸುಲ್ತಾನ್ ಅಲ್-ಕಾಮಿಲ್ ಮುಂದೆ ನಿಲ್ಲಿಸಿದರು. ಈ ಸುಲ್ತಾನ ಸಲಾದಿನ್‌ನ ತಮ್ಮನ ಮಗ.

ನಿಜ ಹೇಳಬೇಕು. ಫ್ರಾನ್ಸಿಸ್ ಹೋದದ್ದು ಸುಮ್ಮನೆ ಸ್ನೇಹ ಬೆಳೆಸೋಕಲ್ಲ. ಸುಲ್ತಾನ ಕ್ರಿಸ್ತನನ್ನು ನಂಬಲಿ ಎಂಬ ಆಸೆ ಇತ್ತು, ಸಾವು ಬಂದರೆ ಬರಲಿ ಎಂಬ ಸಿದ್ಧತೆಯೂ ಇತ್ತು. ಎರಡೂ ಆಗಲಿಲ್ಲ. ಸುಲ್ತಾನ ಕೆಲವು ದಿನ ಅವನ ಮಾತು ಕೇಳಿದ, ಗೌರವದಿಂದ ಕಾವಲು ಕೊಟ್ಟು ವಾಪಸ್ ಕಳಿಸಿದ. ಆ ಪಾಳೆಯದಲ್ಲೇ ಇದ್ದ ಬಿಷಪ್ ಜಾಕ್ ದ ವಿತ್ರಿ ಬರೆದಿಟ್ಟ ಪ್ರಕಾರ, ದೇವರಿಗೆ ಯಾವ ಮಾರ್ಗ ಮೆಚ್ಚುಗೆಯೋ ಅದು ತನಗೆ ಕಾಣುವಂತೆ ಪ್ರಾರ್ಥಿಸು ಅಂತ ಸುಲ್ತಾನ ಬೀಳ್ಕೊಡುವಾಗ ಕೇಳಿಕೊಂಡ. ಯುದ್ಧದ ಮಧ್ಯೆ ಒಬ್ಬ ಮುಸ್ಲಿಂ ದೊರೆ ಎದುರು ಪಾಳೆಯದವನ ಹತ್ತಿರ ಪ್ರಾರ್ಥನೆ ಕೇಳಿದ ಅನ್ನೋದು ನಮಗಂತೂ ತುಂಬ ಹಿಡಿಸಿತು.

ಯುದ್ಧ ಮಾತ್ರ ನಿಲ್ಲಲಿಲ್ಲ. ಈಜಿಪ್ಟ್ ಬಿಟ್ಟು ಹೋದರೆ ಜೆರುಸಲೇಮ್ ಕೊಡ್ತೀನಿ ಅಂದ ಸುಲ್ತಾನನ ಮಾತನ್ನು ಪೋಪ್ ಪ್ರತಿನಿಧಿ ಪೆಲಾಜಿಯಸ್ ಒಪ್ಪಲಿಲ್ಲ. 1219ರ ನವೆಂಬರ್ 5ರಂದು ಡಾಮಿಯೆಟ್ಟಾ ಬಿತ್ತು. ಒಳಗೆ ಹೊಕ್ಕವರು ಕಂಡದ್ದು ಹಸಿವು, ರೋಗದಿಂದ ಸತ್ತವರ ಹೆಣಗಳನ್ನು.

ಫ್ರಾನ್ಸಿಸ್ ಬದಲಾಗಿ ಊರಿಗೆ ಮರಳಿದ. 1221ರಲ್ಲಿ ತನ್ನವರಿಗೆ ಬರೆದ ನಿಯಮದಲ್ಲಿ ಮುಸ್ಲಿಮರ ನಡುವೆ ಹೋಗುವವರಿಗೆ ಎರಡು ದಾರಿ ಇಟ್ಟ. ಮೊದಲನೆಯದು, ವಾದಕ್ಕೆ ನಿಲ್ಲಬೇಡಿ, ದೇವರಿಗೋಸ್ಕರ ಎಲ್ಲರಿಗೂ ತಗ್ಗಿ ಬಾಳಿ, ಕ್ರೈಸ್ತರು ಅಂತ ಹೇಳಿಕೊಳ್ಳಿ. ಎರಡನೆಯದು, ದೇವರ ಇಚ್ಛೆ ಅಂತ ಕಂಡಾಗ ಬಾಯಿಬಿಟ್ಟು ಬೋಧಿಸಿ. ಸೈನ್ಯಗಳು ಕಾದಾಡುತ್ತಿದ್ದಾಗ ಹೀಗೆ ಬರೆಯೋದು ಸಣ್ಣ ಮಾತಲ್ಲ. ಊರೂರಿನ ಅಧಿಕಾರಿಗಳಿಗೆ ಬರೆದ ಪತ್ರದಲ್ಲಿ, ಪ್ರತಿ ಸಂಜೆ ಕೂಗಿ ಸಾರಿ ಜನರೆಲ್ಲ ದೇವರನ್ನು ಸ್ತುತಿಸುವಂತೆ ಮಾಡಿ ಅಂತ ಕೇಳಿಕೊಂಡ. ಅವನ ಕಿವಿಯಲ್ಲಿ ಈಜಿಪ್ಟಿನ ಆಜಾನ್ ಉಳಿದಿತ್ತು ಅಂತ ಕೆಲವು ವಿದ್ವಾಂಸರು ಹೇಳ್ತಾರೆ.

ಈಗ ಆಲಿವರ್ ಕಥೆ. 1221ರಲ್ಲಿ ಕ್ರುಸೇಡ್ ಸೈನ್ಯ ಕೈರೋ ಕಡೆ ಹೊರಟಿತು. ನೈಲ್ ನದಿಗೆ ಪ್ರವಾಹದ ಕಾಲ. ಸುಲ್ತಾನನ ಕಡೆಯವರು ತೂಬು ತೆಗೆದರು, ಹೊಲವೆಲ್ಲ ಕೆಸರಾಯಿತು. ಸೈನ್ಯ ಹಿಂದೆಯೂ ಹೋಗಲಾರದೆ, ಮುಂದೆಯೂ ಹೋಗಲಾರದೆ ಶರಣಾಯಿತು. ಆಗ ಅಲ್-ಕಾಮಿಲ್ ಅವರನ್ನು ಕೊಲ್ಲಿಸಲಿಲ್ಲ, ಹಸಿದವರಿಗೆ ಅನ್ನ ಕೊಡಿಸಿದ. ತಾವು ಯಾರ ಮನೆಯವರನ್ನು ಕೊಂದು, ಯಾರನ್ನು ಊರು ಬಿಡಿಸಿದ್ದೆವೋ ಅವರೇ ಬಂದು ಊಟ ಕೊಟ್ಟರು ಅಂತ ಬರೆದವನು, ಅದೇ ತೇಲುವ ಗೋಪುರ ಮಾಡಿಸಿದ ಆಲಿವರ್. ಸುಲ್ತಾನನಿಗೆ ಕೃತಜ್ಞತೆಯ ಪತ್ರವನ್ನೂ ಬರೆದ.

ಈಜಿಪ್ಟಿನಲ್ಲಿ ಅಂಟಿಕೊಂಡ ಕಣ್ಣಿನ ರೋಗ ಫ್ರಾನ್ಸಿಸ್‌ನನ್ನು ಬಿಡಲಿಲ್ಲ. ಹೆಚ್ಚುಕಡಿಮೆ ಕುರುಡನಾಗಿ 1226ರ ಅಕ್ಟೋಬರ್ 3ರಂದು ತೀರಿಕೊಂಡ. ಸುಲ್ತಾನ ಕೊಟ್ಟದ್ದು ಅಂತ ಹೇಳುವ ದಂತದ ಕೊಂಬೊಂದು ಅಸ್ಸಿಸಿಯಲ್ಲಿ ಇವತ್ತಿಗೂ ಇದೆ. 2019ರಲ್ಲಿ, ಆ ಭೇಟಿಗೆ 800 ವರ್ಷ ತುಂಬಿದಾಗ, ಅವನ ಹೆಸರನ್ನೇ ಇಟ್ಟುಕೊಂಡಿದ್ದ ಪೋಪ್ ಫ್ರಾನ್ಸಿಸ್ ಅಬುಧಾಬಿಗೆ ಹೋಗಿ ಅಲ್-ಅಝರಿನ ಇಮಾಮರ ಜೊತೆ ಸೋದರಭಾವದ ಒಪ್ಪಂದಕ್ಕೆ ಸಹಿ ಹಾಕಿದರು.

ಲೆಕ್ಕ ಹಾಕಿದರೆ ಫ್ರಾನ್ಸಿಸ್ ಡಾಮಿಯೆಟ್ಟಾದಲ್ಲಿ ಸೋತ. ಯುದ್ಧ ನಿಲ್ಲಲಿಲ್ಲ, ಯಾರೂ ಮತ ಬದಲಿಸಲಿಲ್ಲ. ಆದರೂ ಅವನು ಆ ಡೇರೆಯಿಂದ ದ್ವೇಷ ಹೊತ್ತು ಬರಲಿಲ್ಲ. ನಾವು ಹಾಸ್ಟೆಲ್ ರೂಮಿನಲ್ಲಿ ಧರ್ಮದ ಬಗ್ಗೆ ವಾದ ಶುರು ಮಾಡಿ, ಗೆದ್ದರೂ ಮಾರನೇ ದಿನ ಮುಖ ನೋಡದೆ ಓಡಾಡ್ತೀವಲ್ಲ, ಆಗೆಲ್ಲ ಈ ಭೇಟಿ ನೆನಪಾದರೆ ಸಾಕು.