ಒಂದೇ ಖರ್ಚಿನಲ್ಲಿ ಎರಡು ಓದು

ಎರಡು ಡಿಗ್ರಿ ಒಟ್ಟಿಗೆ ಓದಬಹುದು ಅಂತ ಯುಜಿಸಿ 2022ರಲ್ಲಿ ಒಪ್ಪಿತು. ಕ್ಲಾಸಿನ ಹೊತ್ತು ಒಂದಕ್ಕೊಂದು ಅಡ್ಡ ಬರಬಾರದು, ಅಷ್ಟೆ. ಆದರೆ ನಮ್ಮ ದಹಿಸರದ ಮನೆಗಳಲ್ಲಿ ಬಿ.ಕಾಂ. ಜೊತೆಗೆ ಇನ್ನೊಂದು ಓದುತ್ತೇನೆ ಅಂದರೆ ಮೊದಲು ಕೇಳುವುದು ಫೀಸು ಎಷ್ಟು ಅಂತ. ಸಂವಿಧಾನ ಬರೆದ ಅಂಬೇಡ್ಕರರನ್ನು ಎಲ್ಲರೂ ಬಲ್ಲರು. ಇದೇ ಫೀಸಿನ ಚಿಂತೆಯಲ್ಲಿ ಓದಿದ ಅಂಬೇಡ್ಕರರ ವಿಚಾರ ನಾನಿಲ್ಲಿ ಹೇಳುತ್ತೇನೆ.

1891ರಲ್ಲಿ ಮಹೂವಿನಲ್ಲಿ ಹುಟ್ಟಿದ ಅವರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಬಿ.ಎ. ಆದರು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ, 1916ರಲ್ಲಿ ಲಂಡನ್. ಅಲ್ಲಿ ಒಂದೇ ಸಲಕ್ಕೆ ಎರಡು ಕಡೆ ಹೆಸರು ಹಚ್ಚಿದರು: ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರಿಕೆಗೆ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರಕ್ಕೆ. ಬ್ಯಾರಿಸ್ಟರಿಕೆ ಡಿಗ್ರಿಯೇ ಅಲ್ಲ ಅಂತ ಯಾರಾದರೂ ತಕರಾರು ತೆಗೆದಾರು. ಆಗಲಿ, ಪರೀಕ್ಷೆ ಪರೀಕ್ಷೆಯೇ ತಾನೆ?

ಇದರಲ್ಲಿ ಹುಮ್ಮಸ್ಸಿಗಿಂತ ಲೆಕ್ಕವೇ ಹೆಚ್ಚು ಅಂತ ನನಗನ್ನಿಸುತ್ತದೆ. ಹಡಗಿನ ಚಾರ್ಜು ಒಂದೇ, ಕೋಣೆ ಬಾಡಿಗೆ ಒಂದೇ. ವಿದ್ಯಾರ್ಥಿವೇತನಕ್ಕೋ ಗಡುವಿತ್ತು. 1917ರಲ್ಲಿ ಅದು ಮುಗಿದು ಎರಡೂ ಓದು ಅರ್ಧಕ್ಕೆ ನಿಂತವು. ಬರೋಡಾಕ್ಕೆ ನೌಕರಿಗೆ ಹೋದರೆ ಜಾತಿಯ ಕಾರಣಕ್ಕೆ ಇರಲು ಜಾಗ ಸಿಗಲಿಲ್ಲ. 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಮರ್ಸ್ ಕಾಲೇಜಿನಲ್ಲಿ ಪ್ರೊಫೆಸರಾದರು. (ಕಾಮರ್ಸಿನವರು ನಾವು ಎದೆಯುಬ್ಬಿಸಿ ಹೇಳಬಹುದಾದ ಸಂಗತಿ! ಆ ಕಾಲೇಜು ಈಗ ಚರ್ಚ್‌ಗೇಟಿನಲ್ಲಿದೆ, ದಹಿಸರದಿಂದ ಲೋಕಲ್ ಹಿಡಿದರಾಯಿತು.) ಸಂಬಳದಲ್ಲಿ ಉಳಿಸಿದ್ದು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಇಷ್ಟನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟರು.

ಈ ಸಲವೂ ಎರಡೂ ಓದು ಒಟ್ಟಿಗೇ. ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿನ ಪುಸ್ತಕಾಲಯ, ರಾತ್ರಿ ಕೋಣೆಯಲ್ಲಿ ಮತ್ತೆ ಪುಸ್ತಕ, ಹೊಟ್ಟೆಗೆ ಅಷ್ಟಕ್ಕಷ್ಟೆ. ಇತ್ತ ಮುಂಬಯಿಯಲ್ಲಿ ಹೆಂಡತಿ ರಮಾಬಾಯಿ ಸಂಸಾರ ತೂಗಿಸುತ್ತಿದ್ದರು. ಆ ಡಿಗ್ರಿಗಳಲ್ಲಿ ಅವರದೂ ಒಂದು ಪಾಲಿದೆ, ಯಾವ ಸರ್ಟಿಫಿಕೇಟಿನಲ್ಲೂ ಬರೆದಿಲ್ಲದಿದ್ದರೂ.

1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರ್. ರೂಪಾಯಿಯ ಸಮಸ್ಯೆಯ ಮೇಲೆ ಬರೆದ ಡಿ.ಎಸ್ಸಿ. ಪ್ರಬಂಧವನ್ನು ಮಾತ್ರ ಪರೀಕ್ಷಕರು ತಿದ್ದಿ ತರಲು ಹೇಳಿ ಹಿಂದಕ್ಕೆ ಕೊಟ್ಟರು. ರೂಪಾಯಿಯ ಮೇಲೆ ಬರೆದವರ ಕೈಯಲ್ಲೇ ರೂಪಾಯಿ ಇಲ್ಲ! ಮುಂಬಯಿಗೆ ಬಂದು ಇಲ್ಲಿಂದಲೇ ತಿದ್ದಿ ಕಳಿಸಿದರು. 1923 ಮುಗಿಯುವುದರೊಳಗೆ ಡಿ.ಎಸ್ಸಿ. ಕೈಸೇರಿತು.

ಮುಂದೆ 1946ರಲ್ಲಿ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆಯಿತು. ಹಗಲು ನೌಕರಿಗೆ ಹೋಗುವ ಹುಡುಗರೂ ಓದಲಿ ಅಂತ ಅಲ್ಲಿ ಕ್ಲಾಸುಗಳನ್ನು ಬೆಳಿಗ್ಗೆಯೇ ಇಟ್ಟಿದ್ದರು.